ದಾಸೋಹದ ಹೆಸರಲ್ಲಿ ಸರ್ಕಾರಕ್ಕೆ ರಜೆಯೇ?

ಅನ್ನ, ಅಕ್ಷರದ ಕೆಲಸವನ್ನು ಮಠ, ಮಿಷನ್, ಟ್ರಸ್ಟ್‌ಗಳಿಗೆ ಒಪ್ಪಿಸಿ ಸರ್ಕಾರ ಹಿಂದೆ ಸರಿಯಲಿ ಎಂದಿದೆ ಕಳೆದ ಸಂಚಿಕೆಯ ಲೇಖನ. ತುಮಕೂರಿನ ಸಿದ್ಧಗಂಗಾ ಮಠದ ಹೆಸರೆತ್ತಿದರೆ ಯಾರೂ ತುಟಿ ಬಿಚ್ಚಲಾರರು ಎಂಬುದು ಲೇಖಕರ ಲೆಕ್ಕಾಚಾರವಿರಬೇಕು.

ಸಿದ್ಧಗಂಗೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅಲ್ಲಿ ಊಟ, ವಸತಿ, ಪಾಠ. 2019ರ ಜನವರಿ 21ರಂದು ಮಠಾಧೀಶ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿ ಹೊರಬಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಶುರುಮಾಡಿದ ಔಷಧ ವಿತರಣೆ ಇಂದು ದೊಡ್ಡ ಆಸ್ಪತ್ರೆ. ಇದನ್ನೆಲ್ಲ ಅಲ್ಲಗಳೆಯುವವನು ಕೃತಘ್ನ.

ಆದರೆ 2021ರ ಡಿಸೆಂಬರ್ ಲೇಖಕರಿಗೆ ಮರೆತೇಹೋಯಿತೇ? ಅಪೌಷ್ಟಿಕತೆ ಕಾಡುವ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಕ್ಕೆ ನಿಂತರು. ಒಲ್ಲದವರಿಗೆ ಬಾಳೆಹಣ್ಣು ಇದ್ದೇ ಇತ್ತು, ಆದರೂ! ಗಂಗಾವತಿಯ ಶಾಲಾ ಬಾಲಕಿಯೊಬ್ಬಳು, ಬೇಡವೆಂದರೆ ಮಠಕ್ಕೇ ಬಂದು ಮೊಟ್ಟೆ ತಿಂದೇವು ಎಂದು ಸವಾಲು ಹಾಕಿದಳು. ಮೊಟ್ಟೆ ಉಳಿಯಿತು. ಅದು ಸರ್ಕಾರದ ಯೋಜನೆ, ಆದ್ದರಿಂದ ಅವಳು ದಬಾಯಿಸಿ ಕೇಳಬಹುದಿತ್ತು. ದಾಸೋಹದ ಪಂಕ್ತಿಯಲ್ಲಿ ಕೂತು ಕೇಳಲಾದೀತೇ? ಕೇಳಬಾರದು ಕೂಡ, ಅವರ ಅಂಗಳ, ಅವರ ನೇಮ.

ಸರ್ಕಾರಿ ಹಾಸ್ಟೆಲ್‌ಗಳ ನೀರುಸಾರಿನ ಬಗ್ಗೆ ಲೇಖಕರು ಹೇಳಿದ್ದು ಸುಳ್ಳಲ್ಲ. ಹಾಗಿದ್ದರೆ ಖಾಲಿ ಬಿದ್ದಿರುವ ವಾರ್ಡನ್, ಅಡುಗೆಯವರ ಹುದ್ದೆ ತುಂಬಲು ಒತ್ತಾಯಿಸಲಿ. ಬಾಗಿಲು ಹಾಕಿಸಲು ಲೇಖನಿ ಹಿಡಿದದ್ದೇಕೆ?