ಗಿಡದ ಜತೆ ಗುರುತೂ ಮನೆಗೆ ಬರಲಿ

ಪೇಟೆಯ ನರ್ಸರಿಗಳಲ್ಲಿ ‘ಅಜವಾನದ ಗಿಡ’ ಎಂದು ಮಾರುವ ಕುಂಡಗಳಲ್ಲಿ ಸಾಮಾನ್ಯವಾಗಿ ಇರುವುದು ನಮ್ಮ ದೊಡ್ಡಪತ್ರೆ. ಅಜವಾನ ಅಥವಾ ಓಮ ಕೊತ್ತಂಬರಿಯ ಬಳಗದ್ದು. ಅದರದು ಎಳೆ ಎಳೆಯಾಗಿ ಸೀಳಿದ ಎಲೆ. ದೊಡ್ಡಪತ್ರೆಯಾದರೋ ತುಳಸಿ, ಪುದೀನದ ಕುಟುಂಬಕ್ಕೆ ಸೇರಿದ್ದು. ಓಮದ ಘಾಟಿಗೆ ಕಾರಣವಾದ ಥೈಮಾಲ್ ಈ ಎಲೆಯಲ್ಲೂ ಇರುವುದರಿಂದ ಮೂಗು ಮೋಸಹೋಗುತ್ತದೆ.

ತಂಬುಳಿಗೋ ಬೋಂಡಕ್ಕೋ ಎಲೆ ಕೊಯ್ಯುವವರಿಗೆ ಈ ಗೊಂದಲದಿಂದ ನಷ್ಟವೇನೂ ಇಲ್ಲ. ಮದ್ದಿನ ಮಾತು ಬೇರೆ. ಮೂತ್ರಕೋಶದ ಕಲ್ಲಿಗೆ ಆಯುರ್ವೇದ ಹೇಳುವ ‘ಪಾಷಾಣಭೇದ’ದ ಹೆಸರಿನಲ್ಲಿ ಉತ್ತರ ಭಾರತದವರು ಹಿಮಾಲಯದ ಬರ್ಜೀನಿಯಾದ ಬೇರುಗಡ್ಡೆ ಬಳಸಿದರೆ, ದಕ್ಷಿಣದ ಕೆಲವೆಡೆ ದೊಡ್ಡಪತ್ರೆಯನ್ನೇ ಬಳಸಿದ್ದಾರೆ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಯಾವ ನಂಟೂ ಇಲ್ಲ. ಇನ್ನೊಂದು ಕಡೆ, ದೊಡ್ಡಪತ್ರೆಯ ಹತ್ತಿರದ ನೆಂಟ ಮಾಕಂದಿ ಬೇರಿನ ಗಿಡವಿದೆ. ಅದಕ್ಕೂ ರೋಮಭರಿತ ಎಲೆ, ಹಲ್ಲು ಹಲ್ಲಾದ ಅಂಚು. ಅದರ ಬೇರಿನಲ್ಲಿರುವ ಫೋರ್ಸ್ಕೋಲಿನ್ ರಕ್ತದೊತ್ತಡವನ್ನು ತಗ್ಗಿಸಬಲ್ಲದು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ಸಣ್ಣ ತಪ್ಪಲ್ಲ.

ಗುರುತು ಹಿಡಿಯುವುದು ಕಷ್ಟವೇನಲ್ಲ. ದೊಡ್ಡಪತ್ರೆಯ ಎಲೆಗಳು ಎದುರುಬದುರಾಗಿ ಜೋಡಿಯಲ್ಲಿ ಮೂಡುತ್ತವೆ. ದಪ್ಪ, ರಸಭರಿತ, ಮುಟ್ಟಿದರೆ ಮಖಮಲ್ಲು. ಅಂಚಿನ ಹಲ್ಲುಗಳು ಮೊಂಡು. ಎಳೆಯ ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ತಿಳಿಯುತ್ತವೆ. ಎಲೆ ಹಿಸುಕಿದೊಡನೆ ಓಮದ ವಾಸನೆ ಏಳಬೇಕು. ಹೂ ಬಿಡುವುದು ಅಪರೂಪ. ಬಿಟ್ಟಾಗ ಉದ್ದನೆಯ ತೆನೆಯಲ್ಲಿ ತಿಳಿನೇರಳೆಯ ಪುಟ್ಟ ಹೂಗಳು ಸುತ್ತುಸುತ್ತಾಗಿ ನಿಲ್ಲುತ್ತವೆ. ಮಾಕಂದಿ ಬೇರಿನ ಹೂ ಇದಕ್ಕಿಂತ ದೊಡ್ಡದು, ಗಾಢ ನೀಲಿ. ಎಲೆಯಂಚು ಬೆಳ್ಳಗಿರುವ ಅಲಂಕಾರಿಕ ತಳಿಯೂ ದೊಡ್ಡಪತ್ರೆಯೇ.

ಬೆಳೆಸುವುದಂತೂ ಇನ್ನೂ ಸಲೀಸು. ಗೇಣುದ್ದದ ತುಂಡು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಒಂದೆರಡು ಗೆಣ್ಣು ಮುಚ್ಚುವಂತೆ ಮರಳು ಬೆರೆತ ಮಣ್ಣಿಗೆ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಹಿಡಿಯುತ್ತದೆ. ಎಲೆ, ಕಾಂಡಗಳಲ್ಲೇ ನೀರು ಕೂಡಿಟ್ಟುಕೊಳ್ಳುವುದರಿಂದ ಕೆಲವು ದಿನ ನೀರು ತಪ್ಪಿದರೂ ಬದುಕುತ್ತದೆ. ಈ ಗಿಡ ಸಾಯುವುದು ಹೆಚ್ಚಾಗಿ ಅತಿ ಅಕ್ಕರೆಯಿಂದ: ದಿನವೂ ನೀರು ಸುರಿದರೆ ಬುಡ ಕೊಳೆಯುತ್ತದೆ. ಕುಂಡದ ತೂತು ತೆರೆದಿರಲಿ, ಮಳೆಗಾಲದಲ್ಲಿ ಸೂರಿನಡಿ ಇರಲಿ, ಬೆಳಗಿನ ಬಿಸಿಲು ಬೀಳಲಿ. ಕುಡಿ ಚಿವುಟುತ್ತಿದ್ದರೆ ಪೊದೆಯಾಗುತ್ತದೆ.

ಇಂಡೊನೇಷ್ಯಾದ ಉತ್ತರ ಸುಮಾತ್ರದಲ್ಲಿ ಬಟಕ್ ಜನ ಬಾಣಂತಿಯರಿಗೆ ಇದೇ ಸೊಪ್ಪಿನ ಸಾರು ಬಡಿಸುತ್ತಾರೆ. ನಮ್ಮಲ್ಲಿ ಬಾಡಿಸಿದ ಎಲೆಯ ರಸಕ್ಕೆ ಜೇನು ಬೆರೆಸಿ ಮಕ್ಕಳ ಕೆಮ್ಮಿಗೆ ನೆಕ್ಕಿಸುವ ರೂಢಿ. ಇಲ್ಲಿ ಎರಡು ಎಚ್ಚರ ಬೇಕೇಬೇಕು. ವರ್ಷ ತುಂಬದ ಕೂಸಿಗೆ ಜೇನು ಸಲ್ಲದು, ಅದರಿಂದ ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆ ಬರಬಹುದು. ಕೆಮ್ಮಿನ ಜತೆ ಜ್ವರವೋ ಉಬ್ಬಸವೋ ಇದ್ದರೆ ವೈದ್ಯರ ಬಳಿಗೇ ಹೋಗಬೇಕು.

ಹಿಂದೆ ಅಜ್ಜಿಯರು ತುಂಡು ಕೊಡುವಾಗಲೇ ಎಲೆ ಹಿಸುಕಿ ಮೂಸಿಸಿ, ಯಾವುದಕ್ಕೆ ಎಷ್ಟು ಎಂದು ಹೇಳಿಕೊಡುತ್ತಿದ್ದರು. ಈಗ ಕುಂಡ ಮಾತ್ರ ಕೈಗೆ ಬರುತ್ತದೆ. ನರ್ಸರಿಯವರು ಕುಂಡದ ಮೇಲೆ ಕನ್ನಡದ ಹೆಸರಿನೊಂದಿಗೆ ‘ಕೋಲಿಯಸ್ ಅಂಬೊಯಿನಿಕಸ್’ ಎಂಬ ಸಸ್ಯಶಾಸ್ತ್ರೀಯ ಹೆಸರನ್ನೂ ಬರೆಯಲಿ. ಶಾಲೆಯ ಕೈತೋಟದಲ್ಲಿ ದೊಡ್ಡಪತ್ರೆ, ತುಳಸಿ, ಪುದೀನಗಳನ್ನು ಸಾಲಾಗಿ ನೆಟ್ಟು, ನಾಲ್ಕು ಮೂಲೆಯ ಕಾಂಡವನ್ನು ಮಕ್ಕಳೇ ಮುಟ್ಟಿ ನೋಡುವಂತೆ ಮೇಷ್ಟ್ರುಗಳು ಮಾಡಲಿ. ನೆರೆಮನೆಗೆ ತುಂಡು ಕೊಡುವ ಓದುಗರು ಈ ಗುರುತುಗಳನ್ನೂ ತಪ್ಪದೆ ಹೇಳಿಕೊಡಬೇಕು.