ಈಜುಕೊಳದ ಪಂಪೂ ನಮ್ಮೂರ ಹಳ್ಳವೂ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಗುಡ್ಡಗಳಲ್ಲಿ ರೆಸಾರ್ಟು, ಹೋಂಸ್ಟೇಗಳ ಜೊತೆಗೆ ಈಜುಕೊಳಗಳೂ ತಲೆಯೆತ್ತಿವೆ. ಅಡಿಕೆ ದಂಬೆಯಲ್ಲಿ ಅಬ್ಬಿಯ ನೀರನ್ನು ಅಂಗಳಕ್ಕೆ ತಂದುಕೊಂಡು, ಮಿಕ್ಕಿದ್ದನ್ನು ತೋಟಕ್ಕೆ ಬಿಡುತ್ತಿದ್ದ ಸೀಮೆಯಲ್ಲಿ ಈಜುಕೊಳ ಬೇಕೇ ಎಂಬುದು ಮೊದಲ ಪ್ರಶ್ನೆ. ಬೇಸಿಗೆಗೆ ಒರತೆ ಬತ್ತುವ ಊರಿನಲ್ಲಿ ಬೇಡವೆಂಬುದೇ ನಮ್ಮ ಉತ್ತರ. ಆದರೆ ಅನುಮತಿ ದೊರೆತು ಕೊಳ ಕಟ್ಟುವುದೇ ನಿಶ್ಚಯವಾದಾಗ ಎರಡನೆಯ ಪ್ರಶ್ನೆ ಏಳುತ್ತದೆ. ಆ ನೀರನ್ನು ತಿರುಗಿಸಿ ಶುದ್ಧಿ ಮಾಡುವ ಯಂತ್ರ ಎಂಥದಿರಬೇಕು? ಅದು ಮಾಲೀಕರ ಸ್ವಂತ ವಿಚಾರವೆಂದು ನಾವು ಸುಮ್ಮನಿದ್ದುಬಿಡುತ್ತೇವೆ. ಹಾಗೆ ಸುಮ್ಮನಿರಲಾಗದು. ಆ ಆಯ್ಕೆಯ ಫಲವನ್ನು ಉಣ್ಣುವುದು ಊರ ಹಳ್ಳ.

10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳ 60,000 ಲೀಟರ್ ನೀರು ಹಿಡಿಯುತ್ತದೆ. ಇಂತಹ ಸಣ್ಣ ಕೊಳದಲ್ಲಿ ಅಷ್ಟು ನೀರು ಎಂಟು ಗಂಟೆಗೊಮ್ಮೆ ಫಿಲ್ಟರನ್ನು ಹಾಯ್ದು ಬಂದರೆ ಸಾಮಾನ್ಯವಾಗಿ ಸಾಕು. ಅಂದರೆ ಗಂಟೆಗೆ 7,500 ಲೀಟರ್. ಇದಕ್ಕೆ ಮುಕ್ಕಾಲು ಅಶ್ವಶಕ್ತಿಯ ಪಂಪು ಸಾಕಾಗುವಲ್ಲಿ, 'ಇರಲಿ' ಎಂದು ಎರಡು ಮೂರು ಅಶ್ವಶಕ್ತಿಯದನ್ನು ಕೂರಿಸುವುದುಂಟು. ದೊಡ್ಡ ಪಂಪಿಗೆ ದೊಡ್ಡ ಫಿಲ್ಟರ್ ಬೇಕು. ದೊಡ್ಡ ಮರಳು ಫಿಲ್ಟರನ್ನು ತೊಳೆಯಲು ಹೆಚ್ಚು ನೀರು ಬೇಕು. ನಿಮಿಷಕ್ಕೆ 500 ಲೀಟರ್ ತಳ್ಳುವ ಪಂಪಿನಿಂದ ಮೂರು ನಿಮಿಷ ಹಿಮ್ಮುಖವಾಗಿ ತೊಳೆದರೆ 1,500 ಲೀಟರ್ ನೀರು ಚರಂಡಿಯ ಪಾಲು.

ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಹರಿವು ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಮಾತ್ರ ಎಂಟನೆಯ ಒಂದಕ್ಕೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿ ಅಷ್ಟೇ ನೀರನ್ನು ತಿರುಗಿಸಿದರೂ ವಿದ್ಯುತ್ತು ಕಾಲು ಭಾಗದಷ್ಟೇ. ಮೋಟಾರಿನ ನಷ್ಟಗಳಿಂದ ಉಳಿತಾಯ ಸ್ವಲ್ಪ ತಗ್ಗೀತು, ಆದರೂ ದೊಡ್ಡದೇ. ವೇಗ ಬದಲಿಸಬಲ್ಲ ಪಂಪಿನ ಬೆಲೆ ಹೆಚ್ಚೆಂಬ ಮಾತಿಗೆ ಇದೇ ಉತ್ತರ. ಒಂದೂವರೆ ಅಂಗುಲದ ಬದಲು ಎರಡು ಅಂಗುಲದ ಪೈಪು ಹಾಕಿದರೆ, ಅಷ್ಟೇ ನೀರು ಹರಿಯುವಾಗ ಪೈಪಿನೊಳಗಿನ ಘರ್ಷಣೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಫಿಲ್ಟರಿನ ವಿಚಾರದಲ್ಲಿ ಸಣ್ಣ ಕೊಳಗಳಿಗೆ ಕಾರ್ಟ್ರಿಜ್ ಬಗೆಯದೇ ಲೇಸು. ಆಗಾಗ ಕಾರ್ಟ್ರಿಜ್ ಬದಲಿಸುವ ಖರ್ಚಿದೆ ನಿಜ. ಆದರೆ ಹಿಮ್ಮುಖವಾಗಿ ತೊಳೆಯಬೇಕಿಲ್ಲ, ಹೊರತೆಗೆದು ಸ್ವಲ್ಪ ನೀರಿನಲ್ಲಿ ಚೊಕ್ಕಟ ಮಾಡಬಹುದು. ಮರಳಿನ ಫಿಲ್ಟರೇ ಇದ್ದರೆ ತೊಳೆದ ನೀರಿಗೆ ಪ್ರತ್ಯೇಕ ತೊಟ್ಟಿ ಕಡ್ಡಾಯವಾಗಬೇಕು. ಈಜುಕೊಳದ ನೀರಿನಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಅದರ ನೂರರಲ್ಲೊಂದು ಪಾಲು ಕೂಡ ಸದಾ ಹಳ್ಳದಲ್ಲಿದ್ದರೆ ಮೀನುಗಳಿಗೆ ಅಪಾಯ. ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದುದನ್ನು ಪರೀಕ್ಷಿಸಿ, ತಮ್ಮ ತೋಟಕ್ಕೇ ಉಣಿಸಲಿ. ಹಳ್ಳಕ್ಕೆ ಬಿಡುವುದು ಬೇಡ. ಬಳಸದಿರುವಾಗ ಕೊಳಕ್ಕೆ ಹೊದಿಕೆ ಹಾಕಿದರೆ ಆವಿಯಾಗುವ ನೀರೂ ಉಳಿಯುತ್ತದೆ.

2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಆದೇಶಿಸಿತು. ನಗರಕ್ಕೆ ಹಾಗೆ ಹೇಳಲು ಒಂದು ಮಂಡಳಿಯಿದೆ. ನಮ್ಮ ಹಳ್ಳಿಯಲ್ಲಿ ಹೇಳಬೇಕಾದುದು ಗ್ರಾಮಸಭೆ. ಕಟ್ಟಡದ ನಕ್ಷೆ ಪಂಚಾಯಿತಿಗೆ ಬಂದಾಗ ನಾಲ್ಕು ಪ್ರಶ್ನೆ ಕೇಳೋಣ. ನೀರು ಎಲ್ಲಿಂದ? ಪಂಪು ಎಷ್ಟು ಅಶ್ವಶಕ್ತಿಯದು, ಏಕೆ? ಫಿಲ್ಟರ್ ತೊಳೆದ ನೀರು ಎಲ್ಲಿಗೆ? ಒರತೆ ಬತ್ತಿದ ತಿಂಗಳಲ್ಲಿ ಕೊಳವನ್ನು ತುಂಬದೆ ಬಿಡಲು ಒಪ್ಪಿಗೆಯೇ? ಇವಕ್ಕೆ ಬರವಣಿಗೆಯಲ್ಲಿ ಉತ್ತರ ದೊರೆಯುವವರೆಗೆ ಮೊದಲ ಪ್ರಶ್ನೆಯನ್ನು ನಾವು ಕೈಬಿಡಬೇಕಾಗಿಲ್ಲ.