ಬೆಲ್ಟ್ ಆಮೇಲೆ, ಮೊದಲು ಅಜ್ಜಿಯನ್ನ ಕೇಳೋಣ

ಕಳೆದ ಸೆಮಿಸ್ಟರ್ ಹ್ಯಾಕಥಾನ್‌ನಲ್ಲಿ ನಮ್ಮ ಟೀಮ್ ಒಂದು ಬೆಲ್ಟ್ ಮಾಡಿತ್ತು. ವಯಸ್ಸಾದವರು ಬಿದ್ದರೆ ಮಕ್ಕಳ ಫೋನಿಗೆ ಮೆಸೇಜ್ ಹೋಗುತ್ತೆ. ಬಹುಮಾನ ಬರಲಿಲ್ಲ. ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಕಟ್ಟಿದೆ. ಒಂದು ದಿನ ಹಾಕ್ಕೊಂಡು ಅಡುಗೆಮನೆ ಮೊಳೆಗೆ ನೇತುಹಾಕಿದ್ರು. "ಬಿದ್ದ ಮೇಲೆ ಕೂಗೋದು ನಂಗೂ ಬತ್ತದೆ ಕಣೋ. ಬೀಳದಂಗೆ ಏನಾರ ಮಾಡು" ಅಂದ್ರು.

ಆಗ ಮೊದಲ ಸಲ ಕೇಳಿದೆ: "ಎಲ್ಲಿ ಬೀಳ್ತೀನಿ ಅಂತ ಭಯ ಆಗುತ್ತೆ ಅಜ್ಜಿ?" ಉತ್ತರ ರೆಡಿ ಇತ್ತು. ರಾತ್ರಿ ಹಿತ್ತಲಿನ ಕಕ್ಕಸಿಗೆ ಹೋಗುವಾಗ. ಎರಡು ಮೆಟ್ಟಿಲು, ಹಿಡ್ಕೊಳ್ಳೋಕೆ ಏನೂ ಇಲ್ಲ, ಬಲ್ಬ್ ಹೋಗಿ ತಿಂಗಳಾಗಿತ್ತು. ಅದಕ್ಕೇ ಸಂಜೆ ಆರರ ಮೇಲೆ ಅಜ್ಜಿ ನೀರೇ ಕುಡಿಯಲ್ಲ! ಬೆಳಿಗ್ಗೆ ತಲೆಸುತ್ತು ಅಂದ್ರೆ ನಾವೆಲ್ಲ "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗಿದ್ವಿ. ನೀರು ಕಡಿಮೆಯಾದರೂ ತಲೆಸುತ್ತು ಬರಬಹುದು ಅಂತ ಆಮೇಲೆ ಡಾಕ್ಟರ್ ಹೇಳಿದ್ರು. ಅದಕ್ಕೂ ಮುಂಚೆ ಮೂರು ಸಲ ಆಸ್ಪತ್ರೆಗೆ ಹೋಗಿದ್ವಿ. ಮೂರು ಸಲವೂ ಪ್ರಶ್ನೆಗಳೆಲ್ಲ ಅಪ್ಪನಿಗೆ. ಅಜ್ಜಿ ಪಕ್ಕದಲ್ಲಿ ಫೈಲ್ ಥರ ಕೂತಿದ್ರು.

ನನ್ನ ಅಭಿಪ್ರಾಯ ಇಷ್ಟೇ: ಹಿರಿಯರಿಗೆ ಏನು ಬೇಕು ಅಂತ ಅಳೆಯದೇ ನಾವು ಔಷಧಿ, ಬೆಲ್ಟ್, ಆ್ಯಪ್ ಎಲ್ಲ ಕೊಡ್ತಿದ್ದೀವಿ.

ಅಳೆಯೋ ವಿಧಾನಗಳು ಹೊಸದೇನಲ್ಲ. 1963ರಲ್ಲೇ ಕಾಟ್ಜ್ ಅನ್ನೋ ಅಮೆರಿಕದ ವೈದ್ಯರು ಆರು ವಿಷಯ ಇಟ್ಕೊಂಡು ಒಂದು ಪಟ್ಟಿ ಮಾಡಿದ್ರು: ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಶೌಚ, ಹಾಸಿಗೆಯಿಂದ ಏಳೋದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಬಂದ ಲಾಟನ್ ಪಟ್ಟಿಯಲ್ಲಿ ಅಡುಗೆ, ಮಾತ್ರೆ, ಹಣ, ಫೋನ್, ಪ್ರಯಾಣದಂಥ ಎಂಟು ಕೆಲಸಗಳಿವೆ. ಇಲ್ಲಿ ಪ್ರಶ್ನೆ "ಯಾವ ಕಾಯಿಲೆ" ಅಂತ ಅಲ್ಲ, "ದಿನ ಹೇಗೆ ಕಳೀತೀರಿ" ಅಂತ.

ಆದ್ರೆ ಪಟ್ಟಿಯನ್ನ ಹಾಗೇ ತಂದು ನಮ್ಮ ಮನೇಲಿ ಇಟ್ರೆ ಕ್ಯಾಲಿಬ್ರೇಷನ್ ತಪ್ಪುತ್ತೆ. ಅಜ್ಜಿ ಹಣ ನೋಡ್ಕೊಳ್ಳಲ್ಲ. ಆಗಲ್ಲ ಅಂತಲ್ಲ, ಯಾರೂ ಅವರ ಕೈಗೆ ಕೊಟ್ಟೇ ಇಲ್ಲ. "ಮಾಡಲ್ಲ" ಬೇರೆ, "ಮಾಡಕ್ಕಾಗಲ್ಲ" ಬೇರೆ. ನೆನಪಿನ ಶಕ್ತಿ ನೋಡೋಕೆ 1975ರಿಂದ ಬಳಸ್ತಿರೋ ಎಂಎಂಎಸ್‌ಇ ಪರೀಕ್ಷೆಯಲ್ಲಿ ತಾರೀಖು ಹೇಳ್ಬೇಕು, ನೂರರಿಂದ ಏಳೇಳು ಕಳೀಬೇಕು, ಒಂದು ವಾಕ್ಯ ಬರೀಬೇಕು. ಶಾಲೆಗೇ ಹೋಗದ ನಮ್ಮಜ್ಜಿ ಇದರಲ್ಲಿ ಫೇಲ್. ಆದ್ರೆ ಅಮಾವಾಸ್ಯೆ ಎಂದು, ಯಾವ ಹಸು ಎಷ್ಟು ತಿಂಗಳ ಗಬ್ಬ, ಎಲ್ಲ ಬಾಯಲ್ಲೇ ಇದೆ. ಓದು ಬರದವರಿಗೂ ಆಗಲಿ ಅಂತ 1990ರ ದಶಕದಲ್ಲಿ ನಮ್ಮ ದೇಶದಲ್ಲೇ ಹಿಂದಿಯಲ್ಲಿ ಬೇರೆ ಪರೀಕ್ಷೆ ಮಾಡಿದ್ದು ಇದೇ ಕಾರಣಕ್ಕೆ.

"ಕೇಳಿದ್ರೆ ಅವರು ನಿಜ ಹೇಳ್ತಾರಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಒಳ್ಳೇ ಪ್ರಶ್ನೆ. ಮಕ್ಕಳಿಗೆ ಯಾಕೆ ತೊಂದರೆ ಅಂತ "ನಂಗೇನಾಗೈತೆ, ಗುಂಡುಕಲ್ಲು ಇದ್ದಂಗಿದೀನಿ" ಅನ್ನೋರೇ ಜಾಸ್ತಿ. ಅದಕ್ಕೇ ಕೇಳೋದರ ಜೊತೆ ನೋಡಲೂ ಬೇಕು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಫೋನಿನ ಸ್ಟಾಪ್‌ವಾಚ್ ಸಾಕು, ಪಕ್ಕದಲ್ಲಿ ಹಿಡಿಯೋಕೆ ಒಬ್ಬರಿರಲಿ. ಅಜ್ಜಿಗೆ 17 ಸೆಕೆಂಡ್ ಹಿಡೀತು. ನಾವೇನೂ ಡಾಕ್ಟರ್ ಆಗ್ಬೇಕಿಲ್ಲ, ಆ ಸಂಖ್ಯೆಯನ್ನ ಅವರ ಮುಂದೆ ಇಟ್ರೆ ಆಯ್ತು. ನಾಲ್ಕನೇ ಸಲ ಅಜ್ಜಿಯನ್ನೇ ಮಾತಾಡೋಕೆ ಬಿಟ್ವಿ. ಡಾಕ್ಟರ್ ಬಿಪಿ ಮಾತ್ರೆಯ ಡೋಸ್ ಬದಲಾಯಿಸಿದ್ರು.

ಹಿತ್ತಲಿಗೆ ಬಲ್ಬ್ ಬಂತು. ಮೆಟ್ಟಿಲ ಪಕ್ಕ ಜಿಐ ಪೈಪ್ ಹಾಕಿಸಿದ್ವಿ. ಇದಕ್ಕೆಲ್ಲ ಆದ ಖರ್ಚು ನಮ್ಮ ಬೆಲ್ಟಿಗಿಂತ ಕಡಿಮೆ. ಈಗ ಅಜ್ಜಿ ರಾತ್ರಿ ಊಟದ ಜೊತೆ ಒಂದು ಚೊಂಬು ನೀರು ಕುಡೀತಾರೆ.

ಮುಂದಿನ ಹ್ಯಾಕಥಾನ್ ಆಯೋಜಕರಿಗೆ ಒಂದು ಬೇಡಿಕೆ: "ಎಲ್ಡರ್ ಕೇರ್" ಥೀಮ್ ಇಟ್ರೆ, ಕೋಡ್ ಬರೆಯೋ ಮೊದಲು ಪ್ರತಿ ಟೀಮ್ ಒಬ್ಬ ಹಿರಿಯರ ಜೊತೆ ಒಂದು ಗಂಟೆ ಕೂತು ಬರಲೇಬೇಕು ಅಂತ ನಿಯಮ ಮಾಡಿ. ಉಳಿದೋರು ರಜೆಗೆ ಊರಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ, "ಅಜ್ಜಿ, ದಿನದಲ್ಲಿ ಯಾವ ಕೆಲಸ ನಿಮಗೆ ಕಷ್ಟ?" ಅಂತ. ಉತ್ತರ ಪೂರ್ತಿ ಬರೋವರೆಗೂ ಮಧ್ಯೆ ಬಾಯಿ ಹಾಕ್ಬೇಡಿ.